ಮಾವನ ಕಾಲಿನ ಸೊನ್ನೆ

ಅವಳಿಗೆ ಕಾಲಿಲ್ಲದ ಮನುಷ್ಯನೊಬ್ಬ ಸಿಕ್ಕಿರಲಿಲ್ಲ. ಉಳಿದದ್ದೆಲ್ಲ ಇತ್ತು. ಕೃತಕ ಕಾಲಿನ ಬಟ್ಟಲು ತನ್ನೊಳಗೆ ಕೂರುವ ಮೋಟುಗಾಲನ್ನು ಎಲ್ಲೆಲ್ಲಿ ಎಷ್ಟೆಷ್ಟು ಒತ್ತುತ್ತದೆಂದು ಅಳೆಯುವ, ಅಂಗಿಗುಂಡಿಯಷ್ಟಗಲದ ಸೆನ್ಸರ್‌ಗಳನ್ನು ಎರಡು ವರ್ಷ ಕೂತು ಮಾಡಿದ್ದಳು. ಮನುಷ್ಯರ ಮೇಲೆ ಪರೀಕ್ಷಿಸಲು ಅನುಮತಿಯೂ ಬಂದಿತ್ತು. ಆದರೆ ಆಸ್ಪತ್ರೆಯವರು ಕಳಿಸುತ್ತೇವೆಂದಿದ್ದ ಮೂವರಲ್ಲಿ ಒಬ್ಬನೂ ಬರಲಿಲ್ಲ. ಬರೀ ಪ್ರಯೋಗಾಲಯದ ಪ್ಲಾಸ್ಟಿಕ್ ಮೋಟುಗಾಲಿನ ಅಂಕಿ ಹಿಡಿದು ಸೋಮವಾರ ಸಮಿತಿಯ ಮುಂದೆ ನಿಂತರೆ ಸಂಶೋಧನೆಯ ವಿಷಯವನ್ನೇ ಬದಲಿಸಬೇಕಾದೀತು ಎಂದು ಗೈಡ್ ಮುಖಕ್ಕೆ ಹೊಡೆದಂತೆ ಹೇಳಿದ್ದರು.

ಶನಿವಾರ ಅಮ್ಮನಿಗೆ ಫೋನ್ ಮಾಡಿ ಗೋಳು ತೋಡಿಕೊಂಡಳು.

"ಅಲ್ಲ ಕಣೇ, ನಿನ್ನ ಮಾವಂದು ಕಾಲಲ್ವೇನೆ?" ಅಂದಳು ಅಮ್ಮ.

ಅವಳು ಬೆಪ್ಪಾದಳು. ಅಮ್ಮನ ತಮ್ಮ ಟೈಲರ್. ಅವಳು ಹುಟ್ಟುವ ಮುಂಚಿನಿಂದಲೂ ಎಡಗಡೆ ಕೃತಕ ಕಾಲಿನಲ್ಲೇ ನಡೆಯುತ್ತಿದ್ದ. ದಿನಾ ನೋಡಿ ನೋಡಿ ಅದು ಅವಳ ಲೆಕ್ಕಕ್ಕೇ ಬಂದಿರಲಿಲ್ಲ.

ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪ್ ಹೊತ್ತು ಮಾವನ ಅಂಗಡಿಗೆ ಹೋದಳು.

"ಬಾ ಡಾಕ್ಟ್ರಮ್ಮ. ಕಾಲು ಕಾಲು ಅಂತ ಊರೆಲ್ಲ ಸುತ್ತಿದ್ಯಂತೆ. ಇಲ್ಲೊಂದು ಬಿದ್ದಿತ್ತಲ್ಲ!"

"ತಪ್ಪಾಯ್ತು ಮಾವ. ಈ ಒಪ್ಪಿಗೆ ಪತ್ರ ಓದಿ ಸಹಿ ಹಾಕು."

"ವಾಪಸ್ ಕೊಡ್ತೀಯ ತಾನೆ?"

ಸಹಿ ಹಾಕಿ, ಷಟರ್ ಅರ್ಧ ಎಳೆದು, ಕಾಲು ಬಿಚ್ಚಿಕೊಟ್ಟ. ಅವಳು ಬಟ್ಟಲಿನ ಒಳಗೋಡೆಗೆ ಎಂಟು ಸೆನ್ಸರ್ ಅಂಟಿಸುವಷ್ಟರಲ್ಲಿ ಅವನು ಅತ್ತ ತಿರುಗಿ ಮೋಟುಗಾಲಿಗೆ ದಪ್ಪನೆಯ ಕಾಲುಚೀಲ ಏರಿಸಿಕೊಂಡ. ಕತ್ತರಿಸುವ ಮೇಜಿನಿಂದ ಬಾಗಿಲ ತನಕ ಹತ್ತು ಸಲ ನಡೆದ. ಏಳು ಅಂಕಿಗಳು ಕುಣಿದವು. ಎಲುಬಿನ ತುದಿ ತಾಗುವ, ಎಲ್ಲಕ್ಕಿಂತ ಹೆಚ್ಚು ಒತ್ತಬೇಕಾದ ಜಾಗದಲ್ಲಿ ಸೊನ್ನೆ.

ಸೆನ್ಸರ್ ಕೆಟ್ಟಿದೆ ಎಂದುಕೊಂಡು ಕಿತ್ತಳು. ಕೀಳುವಾಗ ಹರಿಯಿತು. ಹೊಸದು ಅಂಟಿಸಿದಳು. ಸೊನ್ನೆ. ಮತ್ತೊಂದು. ಸೊನ್ನೆ. ನಾಲ್ಕನೆಯದೂ ಸೊನ್ನೆ ತೋರಿಸಿದಾಗ ತಲೆ ಮೇಲೆ ಕೈಹೊತ್ತು ಸ್ಟೂಲಿನಲ್ಲಿ ಕೂತಳು.

ಷಟರ್ ಕೆಳಗಿನಿಂದ ಒಬ್ಬ ಬಗ್ಗಿ ನೋಡಿದ. "ಪ್ಯಾಂಟ್ ಹೊಲಿಸ್ಬೇಕಿತ್ತು."

"ಇವತ್ತು ನನ್ನ ಕಾಲೇ ರಿಪೇರಿಗೆ ಬಂದಿದೆ ಸ್ವಾಮಿ, ನಾಳೆ ಬನ್ನಿ."

ಅವನು ಗೊಣಗುತ್ತ ಎದುರಂಗಡಿಗೆ ಹೋದ.

"ಮಾವ, ಇಲ್ಲಿ ನಿಂಗೆ ಒತ್ತೋದೇ ಇಲ್ವಾ?"

"ಒತ್ತಿದ್ರೆ ಜೀವ ಹೋಗುತ್ತೆ. ಅದಕ್ಕೇ ಅಲ್ಲಿ ಬಟ್ಟೆ ತೆಗೆದಿದ್ದೀನಿ."

ಕಾಲುಚೀಲ ಕಳಚಿ ತೋರಿಸಿದ. ಸರಿಯಾಗಿ ಆ ಜಾಗದಲ್ಲಿ ನಿಂಬೆಹಣ್ಣಿನಗಲದ ತೂತು, ಅಂಚು ಬಿಚ್ಚದಂತೆ ಸುತ್ತ ಅಚ್ಚುಕಟ್ಟಾದ ಕಾಜಾ ಹೊಲಿಗೆ.

"ಮೊದಲೇ ಹೇಳೋಕೇನಾಗಿತ್ತು?"

"ನೀನು ಕಾಲು ಕೇಳಿದೆ. ಕಾಲುಚೀಲ ಕೇಳಿದ್ಯಾ?"

ಸೆನ್ಸರ್ ಸತ್ಯವನ್ನೇ ಹೇಳಿತ್ತು. ಅವಳು ನಂಬಿರಲಿಲ್ಲ ಅಷ್ಟೆ. ತೂತಿಲ್ಲದ ಕಾಲುಚೀಲ ಹಾಕಿಸಿ ನಡೆಸಿದಳು. ಎರಡನೆಯ ಹೆಜ್ಜೆಗೇ ಮಾವ ಹಲ್ಲು ಕಚ್ಚಿದ. ಎಂಟನೆಯ ಅಂಕಿ ಉಳಿದ ಏಳನ್ನೂ ಮೀರಿ ಹಾರಿತು.

"ಬಂತು! ಸಾಕು, ಕೂತ್ಕೋ ಮಾವ, ಕೂತ್ಕೋ!"

"ನನ್ನ ನೋವಿಗೆ ಇಷ್ಟು ಖುಷಿಪಟ್ಟವಳು ನೀನೊಬ್ಬಳೇ ನೋಡು," ಎಂದು ನಗುತ್ತ ಮಾವ ಕೂತ.

ಸೋಮವಾರ ಅವಳು ಎರಡೂ ನಡಿಗೆಯ ಅಂಕಿಗಳನ್ನು ಅಕ್ಕಪಕ್ಕ ಇಟ್ಟು, ತೂತಿನ ಕಾಲುಚೀಲದ ಫೋಟೋ ತೋರಿಸಿದಳು. ಸಮಿತಿಯ ಹಿರಿಯರು ಅಂಕಿ ನೋಡಿ ತಲೆಯಾಡಿಸಿ, ಹೊಲಿಗೆಯ ಫೋಟೋವನ್ನು ದೊಡ್ಡದು ಮಾಡಿಸಿ ಎರಡು ಸಲ ನೋಡಿದರು. ವಿಷಯ ಬದಲಿಸುವುದು ಬೇಡ, ಇನ್ನೂ ಹತ್ತು ಜನರನ್ನು ಹುಡುಕು, ಎಲ್ಲರ ಕಾಲುಚೀಲವನ್ನೂ ನೋಡು ಎಂದರು.

ಕಳೆದದ್ದು ಚೆನ್ನಾಗಿಯೇ ಇದ್ದ ಮೂರು ಸೆನ್ಸರ್, ಒಂದು ಭಾನುವಾರ, ಒಬ್ಬ ಗಿರಾಕಿ.