ನಾಲ್ಕು ಸಾಲಿನ ನುಡಿನಮನ

ಕೆಂಪಕ್ಕ ಗಂಡನ ಮೈಮೇಲೆ ಎರಡನೇ ಬಿಂದಿಗೆ ನೀರು ಹೊಯ್ಯುತ್ತಿದ್ದಾಗ ಅವನ ಫೋನು ಕಿಟಕಿಯಲ್ಲಿ ಬಡಿದುಕೊಳ್ಳತೊಡಗಿತು. ಮಗಳು ತೇಜಸ್ವಿನಿ ಸೆರಗಿಗೆ ಕೈ ಒರೆಸಿಕೊಂಡು ಎತ್ತಿದಳು. ಸ್ಪೀಕರ್ ಆನ್ ಆಗಿತ್ತು.

"ಪಿಳ್ಳಣ್ಣ, ನಮ್ಮ ಬಳಗದವರು ಯಾರೋ ಹೋಗ್ಬಿಟ್ರಂತೆ. ಗ್ರೂಪಲ್ಲಿ ಬಂದಿದೆ, ಹೆಸರಿನ್ನೂ ನೋಡಿಲ್ಲ. ಹೋಗಿ ನಾಲ್ಕು ಮಾತಾಡ್ಬೇಕಲ್ಲ, ನಾಲ್ಕು ಸಾಲು ಬರೆದು ಕಳಿಸ್ಬಿಡು. ಕಣ್ಣೀರು ಬರೋ ಹಾಗಿರ್ಲಿ."

"ಅಂಕಲ್, ಹೋಗಿರೋದು ನಮ್ಮಪ್ಪಾನೇ" ಎಂದಳು ತೇಜಸ್ವಿನಿ.

ಆ ಕಡೆಯಿಂದ ಫೋನು ಕಟ್ಟಾಯಿತು. ಬೆಳಗಿನಿಂದ ಅಳುತ್ತಿದ್ದ ಕೆಂಪಕ್ಕನಿಗೆ ಅಳು ನಿಂತುಹೋಯಿತು. ಸಿಟ್ಟು ಬಂದಿತ್ತು. ಅಂಥ ಹೊತ್ತಿನಲ್ಲಿ ಸಿಟ್ಟು ಅವಳಿಗೆ ಹಿತವಾಗಿಯೇ ಇತ್ತು.

ಫೋನ್ ಮಾಡಿದವರು ಪ್ರಸನ್ನ. ನಿವೃತ್ತ ಅಧಿಕಾರಿ, ಗಿರಿನಗರದ ಸಾಹಿತ್ಯ ಬಳಗವೊಂದರ ಅಧ್ಯಕ್ಷರು, ಐದು ಕವನ ಸಂಕಲನಗಳ ಕರ್ತೃ. ಹಾಗೆಂದು ಪುಸ್ತಕದ ಮೇಲೆ ಅಚ್ಚಾಗಿದೆ, ಸದ್ಯಕ್ಕೆ ನಾವೂ ಹಾಗೇ ಅನ್ನೋಣ.

*

ಬನಶಂಕರಿಯ ಜೆರಾಕ್ಸ್ ಅಂಗಡಿಯೊಂದರಲ್ಲಿ ಪಿಳ್ಳಣ್ಣ ಇಪ್ಪತ್ತಾರು ವರ್ಷ ಕಂಪ್ಯೂಟರ್ ಮುಂದೆ ಕೂತು ಟೈಪ್ ಮಾಡಿದ. ಮದುವೆಯ ಕರೆಯೋಲೆ, ಬಾಡಿಗೆ ಕರಾರು, ತಿಥಿ ಕಾರ್ಡು. ಪ್ರಸನ್ನ ಮೊದಲ ಸಲ ಕವಿತೆ ಟೈಪಿಗೆ ಕೊಟ್ಟಾಗ ಒಂದು ಸಾಲು ಕುಂಟುತ್ತಿದೆ ಅನ್ನಿಸಿ ತಿದ್ದಿದ. ಅವರಿಗೆ ಖುಷಿಯಾಯಿತು. ಮುಂದಿನ ಸಲ ಅರ್ಧ ಕವಿತೆ ತಿದ್ದಿದ. ಮೂರನೇ ಪುಸ್ತಕದ ಹೊತ್ತಿಗೆ ಅವರು ಬರೀ ಶೀರ್ಷಿಕೆ ಹೇಳಿ ಹೋಗುತ್ತಿದ್ದರು. ಆ ಶೀರ್ಷಿಕೆಗಳೂ ಅಷ್ಟಕ್ಕಷ್ಟೇ.

"ನಿನ್ ಹೆಸ್ರು ಹಾಕ್ಬಾರ್ದಾ?" ಎಂದು ಕೆಂಪಕ್ಕ ಕೇಳಿದಾಗಲೆಲ್ಲ ಪಿಳ್ಳಣ್ಣ ನಗುತ್ತಿದ್ದ. ಹೋದ ವರ್ಷ ಮಾತ್ರ ನಗಲಿಲ್ಲ. ಅಂಗಡಿಯಲ್ಲಿ ಪ್ರಸನ್ನರ ಕಣ್ಣಿಗೂ ಬಿದ್ದಿದ್ದ ಒಂದು ನೀಲಿ ನೋಟ್‌ಬುಕ್ ತಂದು ಅವಳ ಕೈಗಿಟ್ಟ. ವಸಂತಪುರದ ತಮ್ಮ ಓಣಿ, ರಾಗಿ ಬೀಸುತ್ತಿದ್ದ ಅವ್ವ, ಸೈಟುಗಳಾಗಿ ಹೋದ ಹೊಲ, ಹೋಟೆಲಿನಲ್ಲಿ ಅಪ್ಪನಿಗೆ ಬೇರೆ ಲೋಟ ಕೊಟ್ಟ ದಿನ, ಎಲ್ಲ ಅದರಲ್ಲಿತ್ತು.

"ಇದನ್ನ ಯಾರ್ಗೂ ಕೊಡ್ಬೇಡ ಕಣೆ. ನಾನು ಸತ್ರೂ ಕೊಡ್ಬೇಡ. ಬಂದ್ರೆ ನನ್ ಹೆಸ್ರಲ್ಲೇ ಬರ್ಬೇಕು."

*

ಹನ್ನೊಂದಕ್ಕೆ ಪ್ರಸನ್ನ ದೊಡ್ಡ ಹಾರ ಹಿಡಿದು ಬಂದರು. ಹಾರ ಹಾಕಿ, ಕೈಮುಗಿದು, ತೇಜಸ್ವಿನಿಯ ಪಕ್ಕ ಬಂದು ನಿಂತರು.

"ನೋಡಮ್ಮ, ಟೈಪಿಂಗಿಗೆ ಕೊಟ್ಟಿದ್ದ ನನ್ನದೊಂದು ನೋಟ್‌ಬುಕ್ ನಿಮ್ಮಪ್ಪನ ಹತ್ರ ಉಳ್ಕೊಂಡಿದೆ. ನೀಲಿ ರಟ್ಟಿಂದು. ಮುಂದಿನ ತಿಂಗಳು ಬಿಡುಗಡೆ, ಹಾಲ್ ಬುಕ್ ಆಗೋಗಿದೆ."

"ಅದು ಅಪ್ಪಂದು ಅಂಕಲ್."

"ಅಕ್ಷರ ಅವನದೇ ಇರಬಹುದು. ನಾನು ಹೇಳ್ತಿದ್ದೆ, ಅವನು ಬರ್ಕೋತಿದ್ದ."

ಪಿಳ್ಳಣ್ಣನ ಅಣ್ಣ ಮುನಿಯಣ್ಣನಿಗೆ ಗಾಬರಿಯಾಯಿತು. "ಸಾವಿನ ಮನೇಲಿ ಜಗಳ ಬ್ಯಾಡ ಕೆಂಪವ್ವ. ದೊಡ್ಡೋರು ಕೇಳ್ತಾವ್ರೆ, ಕೊಟ್ಬುಡು."

ಕೆಂಪಕ್ಕ ಎದ್ದು ಒಳಗೆ ಹೋದಳು. ನೋಟ್‌ಬುಕ್ ತಂದು, ಎಲ್ಲರಿಗೂ ಕಾಣುವಂತೆ ಎದೆಗೊತ್ತಿ ಹಿಡಿದಳು.

"ಕೊಡ್ತೀನಿ ಸಾರ್. ಇಷ್ಟೆಲ್ಲಾ ನೀವೇ ಹೇಳ್ ಬರೆಸಿರೋರು, ನಿಮ್ಗೇನು ಕಷ್ಟ? ಇಲ್ಲೇ ಕೂತ್ಕೊಂಡು ನಮ್ಮ ಯಜಮಾನ್ರ ಮೇಲೆ ನಾಲ್ಕೇ ನಾಲ್ಕು ಸಾಲು ಬರೀರಿ. ಬರೆದು ಓದಿ. ಓದಿದ್ರೆ ತಗೊಂಡೋಗಿ."

"ಈ ಹೊತ್ತಲ್ಲಿ ಹೇಗಮ್ಮ... ಮನಸ್ಸು ಸರಿಯಿಲ್ಲ."

"ನಂದೂ ಸರಿಯಿಲ್ಲ ಸಾರ್. ಮನಸ್ಸು ಸರಿಯಿಲ್ದಾಗ್ಲೇ ಅವ್ರು ಬರೀತಿದ್ದಿದ್ದು."

ತೇಜಸ್ವಿನಿ ಹಾಳೆ, ಪೆನ್ನು ತಂದುಕೊಟ್ಟಳು. ಓಣಿಯ ಜನ ಗುಸುಗುಸು ನಿಲ್ಲಿಸಿ ನೋಡತೊಡಗಿದರು. ಮುನಿಯಣ್ಣ ಏನೋ ಹೇಳಲು ಬಾಯಿ ತೆರೆದ. ತಮ್ಮನ ಮುಖ ನೋಡಿದ, ಪ್ರಸನ್ನರ ಮುಖ ನೋಡಿದ, ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದು ಹಾಕಿದ.

"ಕೂತ್ಕೊಂಡು ಬರೀರಿ ಸಾರ್. ವ್ಯಾನ್ ಇನ್ನೂ ಬಂದಿಲ್ಲ."

ಪ್ರಸನ್ನ ಕೂತರು. 'ಓ ಗೆಳೆಯ' ಎಂದು ಬರೆದರು. ಹೊಡೆದು ಹಾಕಿದರು. 'ಎಲ್ಲಿ ಹೋದೆ' ಎಂದು ಬರೆದು, ಹೆಣದ ಕಡೆ ನೋಡಿ, ಅದನ್ನೂ ಹೊಡೆದು ಹಾಕಿದರು. ಮುನಿಯಣ್ಣ ಬೌದ್ಧ ಪದ್ಧತಿಯಂತೆ ಎಲ್ಲರಿಂದ ತ್ರಿಸರಣ ಹೇಳಿಸಿದ, ಪಂಚಶೀಲ ಹೇಳಿಸಿದ. ವ್ಯಾನೂ ಬಂತು.

"ಆಯ್ತಾ ಸಾರ್?" ಕೆಂಪಕ್ಕ ಕೇಳಿದಳು.

ಅವರು ಇನ್ನೊಂದು ಪದ ಬರೆದು, ಅದನ್ನೂ ಹೊಡೆದು ಹಾಕಿದರು.

ಕೆಂಪಕ್ಕ ನೋಟ್‌ಬುಕ್ಕನ್ನು ಮಗಳ ಕೈಗೆ ಕೊಟ್ಟಳು. "ಓದವ್ವ. ಮೊದ್ಲು ಹೆಸ್ರು ಓದು."

"ಬರೆದವರು ಪಿಳ್ಳಣ್ಣ, ವಸಂತಪುರ" ಎಂದು ತೇಜಸ್ವಿನಿ ಓಣಿಗೆಲ್ಲ ಕೇಳುವಂತೆ ಓದಿದಳು. ಮೊದಲ ಪುಟದಿಂದ ಓದುತ್ತಲೇ ನಡೆದಳು. ಹೆಣ ಎತ್ತಿದವರು ಅವಳ ದನಿಯ ಹಿಂದೆ ಹೆಜ್ಜೆ ಹಾಕಿದರು, ಓಣಿಯೂ ಹೊರಟಿತು. ವ್ಯಾನಿನ ಬಾಗಿಲು ಹಾಕಿದ ಮೇಲೂ ಒಳಗಿಂದ ಅವಳ ದನಿ ಕೇಳುತ್ತಿತ್ತು.

ಶಾಮಿಯಾನದವನು ಬಂದು ಹಗ್ಗ ಬಿಚ್ಚಿದ. ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಆಟೋಗೆ ಹಾಕಿದ. ಕೊನೆಗೆ ಒಂದು ಉಳಿಯಿತು.

"ಸಾರ್, ಚೇರು..."

"ಒಂದ್ನಿಮಿಷ" ಎಂದರು ಪ್ರಸನ್ನ.

ಅವನು ಶಾಮಿಯಾನದ ಬಟ್ಟೆ ಇಳಿಸಿದ. ಮಧ್ಯಾಹ್ನದ ಬಿಸಿಲು ಅವರ ನೆತ್ತಿಯ ಮೇಲೆ ನೇರ ಬಿತ್ತು. ಅವರು ಪೆನ್ನಿನ ಕ್ಯಾಪು ಕಚ್ಚಿಕೊಂಡು ಇನ್ನೂ ಮೊದಲನೇ ಸಾಲು ಯೋಚಿಸುತ್ತಿದ್ದರು.