ಹತ್ತಕ್ಕೆ ಒಂಬತ್ತು

ನಮ್ಮ ಗುಂಪಿಗೆ ಇದ್ದದ್ದು ಒಂದೇ ನಿಯಮ. ಚಿತ್ರ ನೋಡಿದವರು ಹತ್ತಕ್ಕೆ ಎಷ್ಟು ಎಂದು ಅಂಕ ಹೇಳಬೇಕು, ಅಂಕದ ಜೊತೆಗೆ ಕಾರಣವನ್ನೂ ಬರೆಯಬೇಕು. ಕಾರಣವಿಲ್ಲದ ಅಂಕವನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸಿನಿಮಾ ಹುಚ್ಚಿನವರೆಲ್ಲ ಸೇರಿಕೊಂಡಿದ್ದ ಆ ವಾಟ್ಸಾಪ್ ಗುಂಪಿಗೆ ‘ನೋಡಿದ್ದು ಹೇಳ್ರಿ’ ಎಂದು ಹೆಸರಿಟ್ಟವನು ನನ್ನ ಅಣ್ಣ ಸೂರಜ. ಶುಕ್ರವಾರ ತೆರೆ ಕಂಡ ಚಿತ್ರದ ಮೇಲೆ ಭಾನುವಾರ ಬೆಳಗ್ಗೆ ಅಲ್ಲಿ ಜಗಳ ಆರಂಭವಾಗಿ, ಮುಂದಿನ ಶುಕ್ರವಾರದವರೆಗೂ ನಡೆಯುತ್ತಿತ್ತು.

ಭೀಮೇಶನನ್ನು ನಾನು ಮೊದಲು ಗಮನಿಸಿದ್ದು ಆ ಗುಂಪಿನಲ್ಲಿಯೇ. ಹಿಡಕಲ್ ಜಲಾಶಯದ ನೀರಾವರಿ ಕಚೇರಿಯಲ್ಲಿ ದಿನವೂ ನೀರಿನ ಮಟ್ಟ ನೋಡಿ ದಾಖಲಿಸುವುದು ಅವನ ಕೆಲಸ. ಅವನು ಯಾವ ಚಿತ್ರಕ್ಕೂ ಏಳಕ್ಕಿಂತ ಹೆಚ್ಚು ಕೊಟ್ಟದ್ದನ್ನು ಯಾರೂ ಕಂಡಿರಲಿಲ್ಲವಾದ್ದರಿಂದ ಎಲ್ಲರೂ ಅವನನ್ನು ಕಂಜೂಸ ಕಾಕಾ ಎಂದು ಚುಡಾಯಿಸುತ್ತಿದ್ದರು. ನಾನಾದರೋ ಬಿ.ಎಸ್ಸಿ. ಮುಗಿಸಿ ಸಕ್ಕರೆ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಕಬ್ಬಿನ ರಸದ ಸಿಹಿಯನ್ನು ಅಳೆಯುವವಳು. ರಸ ಯಾರ ಹೊಲದ್ದೆಂದು ಕೇಳದೆ ಅಳೆಯಬೇಕು ಎಂಬುದು ಅಲ್ಲಿ ಕಲಿಸುವ ಮೊದಲ ಪಾಠ. ಭೀಮೇಶನ ಅಂಕಗಳಲ್ಲಿ ನನಗೆ ಆ ಪಾಠ ಕಾಣಿಸುತ್ತಿತ್ತು. ಸೂರಜನ ಮೂಲಕ ಅವನ ಸಂಬಂಧ ಬಂದಾಗ ನಾನು ಕೂಡಲೇ ಒಪ್ಪಿದ್ದು ಸರಕಾರಿ ನೌಕರಿಯನ್ನು ನೋಡಿ ಎಂದು ಮನೆಯವರು ತಿಳಿದರು. ನಾನು ತಿದ್ದಲು ಹೋಗಲಿಲ್ಲ.

ನಿಶ್ಚಿತಾರ್ಥದ ಹೊತ್ತಿಗೆ ಸೂರಜ ಮೂಡಲಗಿಯ ಖಾಸಗಿ ಕಾಲೇಜಿನ ಉಪನ್ಯಾಸಕನ ಕೆಲಸಕ್ಕೆ ವರ್ಷದ ರಜೆ ಹಾಕಿ ತಾನೇ ಒಂದು ಚಿತ್ರ ಮಾಡುತ್ತಿದ್ದ. ಕತೆ, ಮಾತು, ನಿರ್ದೇಶನ ಎಲ್ಲ ಅವನದೇ, ನಾಯಕನೂ ಅವನೇ. ಚಿತ್ರ ಗೋಕಾಕದಲ್ಲಿ ತೆರೆ ಕಾಣುವ ವಾರ ಕಾಲೇಜಿನಿಂದ ಸೂಚನೆ ಬಂತು: ಸೋಮವಾರ ಬಂದು ಹಾಜರಾಗಬೇಕು, ಇಲ್ಲವೇ ರಾಜೀನಾಮೆ ಕೊಡಬೇಕು. ಅವನ ತಲೆಯಲ್ಲಿ ಆಗಲೇ ಎರಡನೆಯ ಚಿತ್ರದ ಕತೆ ಸಿದ್ಧವಾಗಿತ್ತು.

ಚಿತ್ರವನ್ನು ನಾನೂ ಅವನ ಹೆಂಡತಿ ಮೇಘಾ ವೈನಿಯೂ ಮನೆಯ ಲ್ಯಾಪ್‌ಟಾಪಿನಲ್ಲಿ ಮೊದಲೇ ನೋಡಿದೆವು. ಚಿತ್ರ ಮುಗಿದ ಕೂಡಲೇ ವೈನಿ ಎದ್ದು ಅಡುಗೆಮನೆಗೆ ಹೋದಳು. ನಾನು ನಿಯಮದಂತೆ ಅಂಕವನ್ನೂ ಕಾರಣವನ್ನೂ ಹೇಳಿದೆ: ಎರಡೂವರೆ. ಸೂರಜ ನಕ್ಕ.

“ನಿಂದ ಲೆಕ್ಕಕ್ಕಿಲ್ಲ ತಂಗಿ. ಮನಿ ಮಂದಿ ಮಾರ್ಕು ಮನ್ಯಾಗ ಇರ್ಲಿ. ಭೀಮೇಶ ಏನಂತಾನ ನೋಡೂಣು. ಅಂವ ಐದರ ಒಳಗ ಕೊಟ್ರ ಸೋಮವಾರ ನಾ ಕಾಲೇಜಿಗೆ ಹೋಗಿ ಹಾಜರಿ ಹಾಕ್ತೇನಿ. ಆತಿಲ್ಲೋ?”

ಮಾತನ್ನು ಅವನು ಚೇಷ್ಟೆಗೆ ಹೇಳಿರಲಿಲ್ಲ. ಭೀಮೇಶನ ಅಂಕಕ್ಕೆ ಅವನು ನಿಜವಾಗಿಯೂ ಅಂಜುತ್ತಿದ್ದ. ಅಂದು ಸಂಜೆ ವೈನಿ ನನ್ನ ಕೋಣೆಗೆ ಬಂದು, ಮಗಳ ಶಾಲೆಯ ಮಾತು, ಮನೆ ನಡೆಯುವ ಮಾತು ಎಲ್ಲ ಆಡಿ, ಕೊನೆಗೆ ಭೀಮೇಶನಿಗೆ ಒಮ್ಮೆ ಫೋನು ಮಾಡೆಂದಳು. ಮಾಡಿದೆ. ಸೂರಜನ ನೌಕರಿ ಅವನ ಅಂಕದ ಮೇಲೆ ನಿಂತಿದೆ ಎಂದು ಬಿಡಿಸಿ ಹೇಳಿದೆ. ನನ್ನ ಅಂಕವನ್ನು ಮಾತ್ರ ಹೇಳಲಿಲ್ಲ, ಏಕೆಂದರೆ ಒಬ್ಬರ ಅಳತೆ ಇನ್ನೊಬ್ಬರ ಅಳತೆಯನ್ನು ಎಳೆಯಬಾರದು. ಹೆಚ್ಚು ಕೊಡು, ಕಡಿಮೆ ಕೊಡು ಎಂದೂ ಹೇಳಲಿಲ್ಲ. ಕಂಡದ್ದನ್ನು ಹೇಳು ಎಂದೆ, ಅಷ್ಟೇ. ತಾನು ಎಂದಾದರೂ ಬೇರೆ ರೀತಿ ಮಾಡಿದ್ದುಂಟೇ ಎಂದು ಅವನು ಕೇಳಿದ. ಇಲ್ಲವೆಂದೆ. ಆ ರಾತ್ರಿ ವೈನಿ ನೆಮ್ಮದಿಯಿಂದ ಉಂಡಳು.

ಬಿಡುಗಡೆಯ ದಿನ ಚಿತ್ರಮಂದಿರದ ಅಂಗಳವನ್ನು ಕಂಡ ಹೊರಗಿನವರು ಒಳಗೆ ಮದುವೆ ನಡೆದಿದೆ ಎಂದುಕೊಂಡಿದ್ದರೆ ತಪ್ಪಿರಲಿಲ್ಲ. ಮೂಡಲಗಿಯಿಂದ ಟೆಂಪೊಗಳಲ್ಲಿ ಜನ ಬಂದಿಳಿದರು. ಅಂಕಲಗಿಯಿಂದ ಸೋದರತ್ತೆ ಮರೆವ್ವ ತನ್ನ ಬಳಗವನ್ನು ಕಟ್ಟಿಕೊಂಡು ಬಂದಳು. ಹುಕ್ಕೇರಿಯಿಂದ ಭೀಮೇಶನ ತಂದೆ ದುಂಡಪ್ಪನವರು ಬಂದರು. ಅಪ್ಪ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೈಮುಗಿಯುತ್ತಿದ್ದರು. ನಮ್ಮ ಕಡೆ ಮದುವೆಗೆ ಹೋದವರು ಬರಿಗೈಯಲ್ಲಿ ಹೋಗುವುದಿಲ್ಲ. ಗಂಡಸರಿಗೆ ಬಿಳಿ ಟೊಪ್ಪಿಗೆ, ಟಾವೆಲು, ತೆಂಗಿನಕಾಯಿ, ಹೆಂಗಸರಿಗೆ ಕುಪ್ಪಸದ ಖಣ ಕೊಟ್ಟು ಆಯೇರ ಮಾಡುತ್ತಾರೆ. ಇಂದು ಅವರು ಮಾಡಿದ್ದನ್ನು ನಾಳೆ ನಾವು ತಿರುಗಿ ಮಾಡಬೇಕು. ಆಯೇರದ ಟಾವೆಲು ತೆಳುವಾಗಿದೆಯೆಂದು ಎದುರಿಗೆ ಹೇಳುವವರು ಯಾರೂ ಇಲ್ಲ. ಅಂದು ಸೂರಜನಿಗೂ ವೈನಿಗೂ ಬಂದ ಆಯೇರ ಟಿಕೆಟ್ ಕೊಡುವ ಕಿಂಡಿಯ ಪಕ್ಕದಲ್ಲಿ ಗುಡ್ಡೆ ಬಿದ್ದಿತ್ತು.

ಚಿತ್ರದ ಬಗ್ಗೆ ಹೇಳಬೇಕಾದದ್ದು ಹೆಚ್ಚಿಲ್ಲ. ಹಿಡಕಲ್ ಹಿನ್ನೀರಿನಿಂದ ಎದ್ದು ಬಂದ ನಾಯಕನ ಅಂಗಿ ಮರುಕ್ಷಣವೇ ಇಸ್ತ್ರಿ ಮಾಡಿದಂತೆ ಒಣಗಿತ್ತು. ನಾಯಕಿಯ ತುಟಿ ಒಂದು ಮಾತು ಆಡಿದರೆ ಧ್ವನಿ ಇನ್ನೊಂದು ಆಡುತ್ತಿತ್ತು. ತಾಯಿ ಸಾಯುವ ದೃಶ್ಯ ಆರಂಭವಾದಾಗ ಹಿಂದಿನ ಸಾಲಿನ ಹುಡುಗರು ಎದ್ದು ಹೋಗಿ ಚಹಾ ಕುಡಿದು ಬಂದರು. ಆಕೆ ಇನ್ನೂ ಮಾತಾಡುತ್ತಲೇ ಇದ್ದಳು. ಸಂತೆಯ ದೃಶ್ಯದಲ್ಲಿ ಬದನೆಕಾಯಿ ಆರಿಸುತ್ತಿದ್ದ ಮರೆವ್ವತ್ತೆ ತೆರೆಯ ಮೇಲೆ ಬಂದಾಗ ಅಂಕಲಗಿಯ ಬಳಗ ಶಿಳ್ಳೆ ಹಾಕಿತು. ನಿಜ ಹೇಳಬೇಕೆಂದರೆ ಇಡೀ ಚಿತ್ರದಲ್ಲಿ ಅವಳೊಬ್ಬಳೇ ಸಹಜವಾಗಿದ್ದಳು, ಕ್ಯಾಮೆರಾ ಎಲ್ಲಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಭೀಮೇಶ ನನ್ನ ಮುಂದಿನ ಸಾಲಿನಲ್ಲಿ ನಮ್ಮ ಅಪ್ಪನ ಪಕ್ಕದಲ್ಲಿ ಕುಳಿತಿದ್ದ. ಒಣಗಿದ ಅಂಗಿ ಕಂಡಾಗ ಅವನು ಹಿಂದಕ್ಕೆ ತಿರುಗಿ ನನ್ನ ಕಡೆ ನೋಡಿದ. ತುಟಿಯ ತುದಿ ಅಲುಗಿತು. ಅವನ ಅಳತೆಯ ಬಗ್ಗೆ ನನಗೆ ಸಂಶಯ ಉಳಿಯಲಿಲ್ಲ.

ಚಿತ್ರ ಮುಗಿದು ಎಲ್ಲರೂ ಮೆಟ್ಟಿಲ ಮೇಲೆ ಬಂದು ನಿಂತಾಗ ಅಪ್ಪ ಭೀಮೇಶನನ್ನು ಹತ್ತಿರ ಕರೆದರು. ತಲೆಗೆ ಟೊಪ್ಪಿಗೆ ಇಟ್ಟರು, ಹೆಗಲಿಗೆ ಟಾವೆಲು ಹಾಕಿದರು, ಕೈಗೆ ಕಾಯಿ ಕೊಟ್ಟರು. ಸೂರಜನ ಗೆಳೆಯ ಖಂಡೆಪ್ಪ ಮೊಬೈಲನ್ನು ಅವನ ಮುಖಕ್ಕೆ ಹಿಡಿದು, “ಹೇಳ್ರಿ ಅಳ್ಯಾರ, ಹತ್ತಕ್ಕ ಎಷ್ಟು? ಇವತ್ತರ ಕಂಜೂಸತನ ಬಿಡ್ರಿ,” ಎಂದ. ಸುತ್ತಲಿದ್ದವರು ನಕ್ಕರು. ಸೂರಜ ನಗಲಿಲ್ಲ. ಪರೀಕ್ಷೆಯ ಫಲಿತಾಂಶ ಕೇಳುವವನಂತೆ ನಿಂತಿದ್ದ.

ಭೀಮೇಶ ಟೊಪ್ಪಿಗೆಯನ್ನು ನೆಟ್ಟಗೆ ಮಾಡಿಕೊಂಡ.

“ಒಂಬತ್ತು,” ಎಂದ.

ಸೂರಜ ಅವನನ್ನು ಅಪ್ಪಿಕೊಂಡು ಅತ್ತ. ಕಾರಣವನ್ನು ಯಾರೂ ಕೇಳಲಿಲ್ಲ. ವೈನಿ ಮಗಳ ಚಪ್ಪಲಿಯ ಪಟ್ಟಿ ಹಾಕಲು ಬಗ್ಗಿದಳು, ಬಹಳ ಹೊತ್ತು ಮೇಲೇಳಲಿಲ್ಲ.

ಚಿತ್ರಮಂದಿರದ ಪಕ್ಕದ ಕಬ್ಬಿನ ಹಾಲಿನ ಅಂಗಡಿಯಲ್ಲಿ ನಾನು ಅವನನ್ನು ಒಬ್ಬನೇ ಇದ್ದಾಗ ಹಿಡಿದೆ.

“ಒಂದ ಮಾರ್ಕು ಯಾಕ ಕಟ್ ಮಾಡಿದ್ರಿ?” ಎಂದು ಕೇಳಿದೆ.

“ಪೂರಾ ಹತ್ತು ಕೊಟ್ರ ಯಾರೂ ನಂಬೂದಿಲ್ಲಲ್ಲ.”

ಅಷ್ಟು ಸಲೀಸಾಗಿ ಹೇಳಿದ.

“ನಾ ಫೋನಿನ್ಯಾಗ ಏನ ಹೇಳಿದ್ದೆ, ನೆನಪೈತೇನ್ರಿ?”

“ಐತಿ. ಆದ್ರ ತಲಿ ಮ್ಯಾಲೆ ಟೊಪ್ಪಿಗಿ ಇಟ್ಟು, ಕೈಯಾಗ ಕಾಯಿ ಕೊಟ್ಟು ಕೇಳಿದ್ರ ಎರಡೂವರಿ ಅಂತ ಹೆಂಗ ಅನ್ಲಿ ಶೈಲಾ? ನಂದೊಂದು ಆಯೇರ ಅಂತ ತಿಳ್ಕೊ. ಮದುವಿಗೆ ಹೋದಾಂವ ಜೋಡಿ ಚಲೋ ಇಲ್ಲ ಅಂತ ಹೇಳಿ ಬರ್ತಾನೇನು?”

“ನಾ ನಿಮ್ಮನ್ನ ಮದುವಿಗೆ ಕರದಿರ್ಲಿಲ್ರಿ. ಪಿಕ್ಚರ್ ನೋಡಾಕ ಕರದಿದ್ದೆ.”

ಅವನು ಲೋಟವನ್ನು ನನ್ನತ್ತ ಸರಿಸಿ, ಬಿಸಿಲು ಬಹಳವಿದೆ, ಕುಡಿ ಎಂದ. ನಾನು ಕುಡಿಯಲಿಲ್ಲ. ಎರಡೂವರೆ ಎಂಬ ಅಂಕಿಯನ್ನು ನಾನು ಅವನಿಗೆ ಎಂದೂ ಹೇಳಿರಲಿಲ್ಲ. ಅದು ಅವನದೇ ಅಳತೆ. ಅವನು ತಪ್ಪಾಗಿ ಅಳೆದಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಅಂದೇ ಸಂಜೆ ಗುಂಪಿನಲ್ಲಿ ನಾನು ನನ್ನ ಅಂಕವನ್ನು ಬರೆದೆ. ಅಂಗಿಯಿಂದ ಹಿಡಿದು ತಾಯಿಯ ಸಾವಿನವರೆಗೆ ಕಾರಣಗಳನ್ನು ಕ್ರಮವಾಗಿ ಬರೆದೆ. ಉತ್ತರವಾಗಿ ಬಂದದ್ದು ನಗುವ ಮುಖಗಳು. ಅಣ್ಣ ತಂಗಿಗೆ ಹೊಸ ಸೀರೆ ಕೊಡಿಸಿಲ್ಲವೆಂದು ಕಾಣುತ್ತದೆ ಎಂದು ಒಬ್ಬರು ಬರೆದರು. ಮನೆಯ ಜಗಳ ಮನೆಯಲ್ಲಿರಲಿ ಎಂದು ಇನ್ನೊಬ್ಬರು. ಸ್ವತಃ ಸೂರಜ ಅದಕ್ಕೊಂದು ಕೆಂಪು ಹೃದಯ ಅಂಟಿಸಿದ. ಅದರ ಕೆಳಗೆ ಖಂಡೆಪ್ಪ ಭೀಮೇಶನ ವಿಡಿಯೊ ಹಾಕಿದ. ಕಂಜೂಸ ಕಾಕಾ ಒಂಬತ್ತು ಕೊಟ್ಟದ್ದು ಹುಕ್ಕೇರಿಯವರೆಗೂ ಸುದ್ದಿಯಾಯಿತು.

ಸೋಮವಾರ ಸೂರಜ ಕಾಲೇಜಿಗೆ ಹೋಗಿ ರಾಜೀನಾಮೆ ಕೊಟ್ಟು ಬಂದ. ಚಿತ್ರ ಗುರುವಾರದ ಹೊತ್ತಿಗೆ ಎತ್ತಂಗಡಿಯಾಯಿತು. ಬಳಗದವರೆಲ್ಲ ಮೊದಲ ದಿನವೇ ನೋಡಿ ಮುಗಿಸಿದ್ದರು. ಪ್ರಚಾರ ಸಾಲಲಿಲ್ಲವೆಂದೂ, ಭೀಮೇಶನಂಥವನು ಒಪ್ಪಿದ ಮೇಲೆ ಚಿತ್ರದಲ್ಲಿ ದೋಷವಿರಲು ಸಾಧ್ಯವಿಲ್ಲವೆಂದೂ ಸೂರಜ ಊಟಕ್ಕೆ ಕುಳಿತಾಗಲೆಲ್ಲ ವಿವರಿಸುತ್ತಿದ್ದ. ಅವನ ಎರಡನೆಯ ಕತೆಯಲ್ಲಿ ನಾಯಕನಿಗೆ ಇಬ್ಬರು ತಾಯಂದಿರು.

ಮುಂದಿನ ವಾರ ಮದುವೆಯ ತಿಥಿ ಗೊತ್ತು ಮಾಡಲು ದುಂಡಪ್ಪನವರು ಬರುವುದೆಂದಾಯಿತು. ಹಿಂದಿನ ದಿನ ನಾನು ಅಪ್ಪನ ಎದುರು ನಿಂತು ಈ ಮದುವೆ ಬೇಡವೆಂದೆ. ಅವರು ಸಿಟ್ಟಾಗಲಿಲ್ಲ. ಹುಡುಗನಲ್ಲಿ ಏನು ಕೊರತೆಯೆಂದು ಶಾಂತವಾಗಿ ಕೇಳಿದರು. ನಾನು ಆದದ್ದನ್ನು ಆದಂತೆ ಹೇಳಿದೆ.

“ನಿಮ್ಮಣ್ಣನ ಮಾನ ಕಾದಾನವ್ವಾ, ಅದನ್ನ ತಪ್ಪ ಅಂತಿ? ಅಂವ ಆಗ್ಲೇ ಮನಿ ಮಗನಂಗ ನಡಕೊಂಡಾನ,” ಎಂದರು. “ಬರೇ ಖರೆ ಹೇಳೋ ಗಂಡನ್ನ ತಗೊಂಡ ಏನ ಮಾಡ್ತಿ?”

ಆ ಮನೆಯಲ್ಲಿ ನನ್ನ ಪರವಾಗಿ ಮಾತಾಡಬಹುದಾದವಳು ಒಬ್ಬಳೇ ಇದ್ದಳು. ವೈನಿ ಅಡುಗೆಮನೆಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕುಳಿತೆ. ನಾಳೆ ಅವರ ಮುಂದೆ ನೀನೂ ಒಂದು ಮಾತು ಹೇಳು ಎಂದೆ. ಅವಳು ಬಡಿಯುವುದನ್ನು ನಿಲ್ಲಿಸಲಿಲ್ಲ.

“ಮಾಡ್ಕೋ ಶೈಲಾ,” ಎಂದಳು. “ಅಂವ ಸುಳ್ಳ ಹೇಳ್ಯಾನ, ನನಗೂ ಗೊತ್ತೈತಿ. ಆದ್ರ ಈ ಮನ್ಯಾಗ ಇನ್ನ ಪಗಾರ ತರಾವ್ರು ಯಾರದಾರ? ನಿನ್ನ ಕೆಲಸ ಕಬ್ಬಿನ ಹಂಗಾಮ ಮುಗಿಯೂತನಕ ಅಷ್ಟ. ನಾಳಿ ನನ್ನ ಮಗಳ ಸಾಲಿಗೆ ಅಂತ ಕೈ ಚಾಚಾಕ ಒಂದರ ಮನಿ ಇರ್ಲಿ. ನಿನಗ ಕೈ ಮುಗಿತೇನಿ.”

ಅವಳ ಕೈಗೆ ಹಿಟ್ಟು ಮೆತ್ತಿತ್ತು. ಆ ಕೈಗಳನ್ನು ಅವಳು ನಿಜವಾಗಿಯೂ ಜೋಡಿಸಿದಳು.

ಮರುದಿನ ದುಂಡಪ್ಪನವರು ಬಂದರು. ಪಡಸಾಲೆಯಲ್ಲಿ ಚಾಪೆ ಹಾಸಿದ್ದೆವು. ಸೂರಜ ಅವರ ಪಕ್ಕದಲ್ಲಿ ಕುಳಿತು ಹೊಸ ಕತೆಯನ್ನು ಹೇಳತೊಡಗಿದ. ಹುಡುಗಿಗೆ ಒಪ್ಪಿಗೆಯೇ ಎಂದು ಅವರು ನಡುವೆ ಒಮ್ಮೆ ಕೇಳಿದರು. ಬಾಗಿಲಲ್ಲಿ ವೈನಿ ಮಗಳನ್ನು ಎತ್ತಿಕೊಂಡು ನಿಂತಿದ್ದಳು.

“ಹೂಂ ರಿ,” ಎಂದೆ.

ಎಲ್ಲರೂ ನಂಬಿದರು.