ಹಿಟ್ಟಿನ ಮೇಲೆ ಬಿದ್ದ ಟಯರ್ ಗುರುತು

ಅಪ್ಪಿ ಮಧ್ಯಾಹ್ನದ ಚಪಾತಿಗೆ ಹಿಟ್ಟು ನಾದುತ್ತಿದ್ದಳು. ಮುಂಬಯಿಯ ಜೋಗೇಶ್ವರಿಯ ಒಂದು ಗ್ಯಾರೇಜಿನ ಹಿಂದೆ ತಗಡಿನ ಮರೆಯಲ್ಲಿ ಅವಳ ಅಡುಗೆ. ಅಂಗೈಯ ಬುಡದಿಂದ ಹಿಟ್ಟನ್ನು ಒತ್ತಿ ಮಗುಚುವಾಗ ಹೊರಗಿನಿಂದ ಒಂದು ದನಿ ಬಂತು. ಏಳು ವರ್ಷ ಕೇಳದ ದನಿ, ಆದರೂ ತಕ್ಷಣ ಗುರುತು ಹತ್ತಿತು.

"ಟಯರ್ ದೊಡ್ಡದು ಹಾಕಿ, ಸ್ಪ್ರಿಂಗ್ ಪಟ್ಟಿ ಗಟ್ಟಿಯದ್ದು ಹಾಕಿ. ಆದ್ರೆ ಗಾಡಿ ಮಾತ್ರ ಮೇಲೆ ಏಳಬಾರದು ಮಾರಾಯ್ರೆ. ಹೀರೋಯಿನ್‌ಗೆ ಹತ್ಲಿಕ್ಕೆ ಕಷ್ಟ ಆಗ್ತದೆ."

ಅವನು ದೂಜ. ಅವಳ ಗಂಡ ಐತನೂ ಇವನೂ ಒಂದೇ ಊರಿನವರು, ಫೋರ್ಟಿನ ಉಡುಪಿ ಹೋಟೆಲಿನಲ್ಲಿ ಒಟ್ಟಿಗೆ ಲೋಟ ತೊಳೆದವರು. ಆಮೇಲೆ ದೂಜ ಸಿನಿಮಾದವರಿಗೆ ಊಟ ಒದಗಿಸುವ ಕಾಂಟ್ರಾಕ್ಟು ಹಿಡಿದು, ಜೀಪಿನ ಹಿಂದೆ ಕಟ್ಟುವ ಅಡುಗೆಯ ಟ್ರೇಲರ್ ಮಾಡಿಸಿದ. ಜೀಪು ಓಡಿಸಲು ಐತನನ್ನು ಕರೆದ. ಖಂಡಾಲ ಘಾಟಿನಲ್ಲಿ ಆ ಟ್ರೇಲರಿನ ಟಯರು ಸಿಡಿದು, ಜೀಪನ್ನೂ ಎಳೆದುಕೊಂಡು ಕಣಿವೆಗೆ ಉರುಳಿತು. ಐತ ಉಳಿಯಲಿಲ್ಲ. ಹೆಣದ ಮುಂದೆ ನಿಂತೇ ದೂಜ ಎಲ್ಲರಿಗೂ ಹೇಳಿದ, ಐತಣ್ಣ ಕುಡಿದಿದ್ದ ಎಂದು. ಊರಿಗೂ ಅದನ್ನೇ ಮುಟ್ಟಿಸಿದ. ಅಪ್ಪಿಯ ಅತ್ತೆ ಯಾರ ಕೈಯಲ್ಲೋ ಬರೆಸಿ ಕೇಳಿದ್ದಳು: ನನ್ನ ಮಗ ಕುಡಿದು ಸತ್ತದ್ದು ಹೌದಾ? ಅಪ್ಪಿ ಉತ್ತರ ಬರೆಯಲಿಲ್ಲ. ಅಲ್ಲವೆಂದು ಅವಳಿಗೆ ಗೊತ್ತಿತ್ತು, ಐತ ಹೆಂಡದ ವಾಸನೆಗೇ ಮೂಗು ಮುಚ್ಚುತ್ತಿದ್ದವ. ಆದರೆ ಹೆಂಡತಿಯ ಮಾತನ್ನು ಯಾರು ನಂಬುತ್ತಾರೆ?

ಹಿಟ್ಟಿನ ಕೈಯಲ್ಲೇ ಅವಳು ಹೊರಗೆ ಬಂದಳು. ದೂಜನ ಮುಖ ಒಂದು ಕ್ಷಣ ಸಣ್ಣದಾಗಿ ಮತ್ತೆ ಅರಳಿತು.

"ಅತ್ತಿಗೆ! ನೀವಾ? ಎಂತ ಸೊರಗಿದ್ದೀರಿ. ಐತಣ್ಣ ಆ ಬಾಟ್ಲಿ ಮುಟ್ಟದಿದ್ರೆ ನಿಮಗೆ ಈ ಬೂದಿ ತೋಡುವ ಗತಿ ಬರ್ತಿರ್ಲಿಲ್ಲ."

ಅಪ್ಪಿ ಅವನ ಜೀಪಿನ ಹಿಂದೆ ಕಟ್ಟಿದ್ದ ಟ್ರೇಲರಿನ ಒಳಗೆ ಇಣುಕಿದಳು. ಈಗ ಅವನದು ಅಡುಗೆಯ ಗಾಡಿಯಲ್ಲ, ಶೂಟಿಂಗಿನಲ್ಲಿ ಹೀರೋಯಿನ್ ತಂಗುವ ಗಾಡಿ. ಒಳಗೆ ಮಂಚ, ಆಳೆತ್ತರದ ಕನ್ನಡಿ, ನೀರಿನ ಟಾಂಕಿ.

ಗ್ಯಾರೇಜಿನ ಯಜಮಾನ ಸಿದ್ದರಾಮಪ್ಪ ಬಿಜಾಪುರದ ಕಡೆಯವನು. ಟಯರ್ ದೊಡ್ಡದಾದರೆ ಗಾಡಿ ಎತ್ತಲೇಬೇಕು, ಇಲ್ಲದಿದ್ದರೆ ಭಾರ ಬಿದ್ದಾಗ ಟಯರು ಮಡ್‌ಗಾರ್ಡಿಗೆ ಉಜ್ಜಿ ಕಾದು ಸಿಡಿಯುತ್ತದೆ ಎಂದು ಅವನು ಹೇಳಿ ನೋಡಿದ. ದೂಜ ಕೇಳಲಿಲ್ಲ. ಗಿರಾಕಿ ಹೇಳಿದಂತೆ ಆಗಲಿ ಎಂದು ಕೊನೆಗೆ ಸಿದ್ದರಾಮಪ್ಪ ಕೈಚೆಲ್ಲಿದ.

ಅಂದಿನಿಂದ ಅಪ್ಪಿಗೆ ಅಡುಗೆಯಲ್ಲಿ ಉಪ್ಪು ಖಾರ ನೆನಪಿರಲಿಲ್ಲ. ಪಟ್ಟಿಗಳು ಜೋಡಣೆಯಾಗುವುದನ್ನು, ದೊಡ್ಡ ಟಯರುಗಳು ಮಡ್‌ಗಾರ್ಡಿನೊಳಗೆ ಒತ್ತಾಗಿ ಕೂರುವುದನ್ನು ಅವಳು ನೋಡುತ್ತಿದ್ದಳು. ತಾನು ಏನೂ ಮಾಡಬೇಕಾಗಿಲ್ಲ, ಸುಮ್ಮನಿದ್ದರೆ ಸಾಕು. ಜೀಪು ಓಡಿಸುವವನು ಈಗ ದೂಜನೇ. ಶೂಟಿಂಗ್ ಖಂಡಾಲದಲ್ಲೇ ಅಂತೆ; ಅದೇ ಘಾಟು, ಅದೇ ತಿರುವು. ಕಾದ ರಬ್ಬರಿನ ವಾಸನೆಯನ್ನು ನೆನೆಸಿಕೊಂಡು ಅವಳು ಒಲೆಯ ಮುಂದೆ ಒಬ್ಬಳೇ ನಕ್ಕಳು. ಎರಡು ದಿನ ಆ ಸುಖದಲ್ಲೇ ಕಳೆದಳು.

ಮೂರನೆಯ ದಿನ ಅಕ್ಕಿ ಆರಿಸುತ್ತಿದ್ದಾಗ ಇನ್ನೊಂದು ಯೋಚನೆ ಬಂತು. ದೂಜ ಸತ್ತರೆ ಅವನು ಆಡಿದ ಸುಳ್ಳನ್ನು ವಾಪಸು ತೆಗೆದುಕೊಳ್ಳುವವರು ಯಾರು? ಊರಿನಲ್ಲಿ ಅವನೂ ಒಳ್ಳೆಯವನಾಗಿಬಿಡುತ್ತಾನೆ. ಐತ ಮಾತ್ರ ಕುಡುಕನಾಗಿಯೇ ಉಳಿಯುತ್ತಾನೆ. ಇಲ್ಲ, ಇವನು ಬದುಕಬೇಕು. ಬದುಕಿ, ಬಾಯಿ ಬಿಡಬೇಕು.

ಗಾಡಿ ಒಯ್ಯಲು ದೂಜ ಬಂದಾಗ ಅಪ್ಪಿ ಮರಿಗೆಯಲ್ಲಿ ಹಿಟ್ಟು ಹಿಡಿದು ನಿಂತಿದ್ದಳು. ಪಕ್ಕದ ಚಾಳಿನ ವಠಾರದಿಂದ ಭಾಗವ್ವ, ಗಂಗುಬಾಯಿ, ಅವರ ಮನೆಯ ಗಂಡಸರು, ಎಲ್ಲರನ್ನೂ ಕರೆಸಿದ್ದಳು. ಭಾರ ಹೇರಿ ನೋಡದೆ ಗಾಡಿ ಬಿಡುವುದು ಬೇಡವೆಂದು ಸಿದ್ದರಾಮಪ್ಪನನ್ನು ಬೆಳಿಗ್ಗೆಯೇ ಒಪ್ಪಿಸಿದ್ದಳು.

"ಇದೆಂತ ತಮಾಷೆ?" ಎಂದ ದೂಜ. "ಪೂಜೆ ಆಗದೆ ಗಾಡಿಗೆ ಭಾರ ಹೇರುವ ಕ್ರಮ ನಮ್ಮಲ್ಲಿಲ್ಲ."

"ಹೀರೋಯಿನ್ ಹತ್ತೂದಕ್ಕಿಂತ ಮೊದಲ ನಾವ್ ಹತ್ತತೀವ್ರಿ," ಎಂದು ಭಾಗವ್ವ ಸೀರೆ ಎತ್ತಿ ಕಟ್ಟಿದಳು. "ಕನ್ನಡಿ ಒಡದ್ರ ನಮ್ಮ ಮಾರಿ ತಪ್ಪಲ್ಲ ಮತ್ತ."

ಜನ ನಕ್ಕರು, ಹತ್ತಿ ಕೂತರು. ಟಾಂಕಿಗೆ ನೀರು ತುಂಬಿಸಿದರು. ಮಡ್‌ಗಾರ್ಡಿನ ಒಳಮೈಗೆ ಅಪ್ಪಿ ಹಿಟ್ಟನ್ನು ದಪ್ಪಗೆ ಮೆತ್ತಿದಳು. ಸಿದ್ದರಾಮಪ್ಪ ಗಾಡಿಯನ್ನು ಗಲ್ಲಿಯ ಗುಂಡಿಗಳ ಮೇಲೆ ಎಳೆದು ತಂದು ನಿಲ್ಲಿಸಿದ. ಹಿಟ್ಟು ಉಳಿದಿರಲಿಲ್ಲ. ಟಯರು ಅದನ್ನು ಕೆರೆದು ಬಳಿದಿತ್ತು. ಅಲ್ಲಲ್ಲಿ ಅಂಟಿದ್ದ ತುಣುಕಿನ ಮೇಲೆ ಕಪ್ಪು ಗೆರೆಗಳು, ಕೆಳಗೆ ತಗಡೂ ಹೊಳೆಯುತ್ತಿತ್ತು.

ದೂಜ ಬಗ್ಗಿ ನೋಡಿದ. ಅಷ್ಟು ಜನರ ಮುಂದೆ ತನ್ನ ಮಾತು ಉಳಿಸಿಕೊಳ್ಳಬೇಕಿತ್ತು ಅವನಿಗೆ.

"ಖಾಲಿ ಇದ್ದಾಗ ನಾನೇ ಕೈ ಹಾಕಿ ನೋಡಿದ್ದೇನೆ. ಸಲೀಸಾಗಿ ಹೋಗ್ತಿತ್ತು. ಐತಣ್ಣನ ಗಾಡಿಗೂ ಹೀಗೇ ನೋಡಿದ್ದಲ್ವಾ ನಾನು."

"ಅದಕ್ಕೂ ನೀನೇ ಟಯರು ಬದಲಿಸಿದ್ದಾ?" ಅಪ್ಪಿ ಮೆಲ್ಲಗೆ ಕೇಳಿದಳು.

"ಮತ್ತೆ? ಇದೇ ಅಳತೆಯದ್ದು."

ಹೇಳಿದ ಮೇಲೆ ಅವನಿಗೆ ತನ್ನ ಮಾತು ಕೇಳಿಸಿತು. ಗಂಗುಬಾಯಿ ಟ್ರೇಲರಿನ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ಹಾಗಾದರೆ ಕುಡಿದಿದ್ದು ಯಾರು ದೂಜ?" ಎಂದಳು ಅಪ್ಪಿ.

ಅವನು ಜೀಪಿನ ಕಡೆ ತಿರುಗಿದ. ಅಷ್ಟರಲ್ಲಿ ಸಿದ್ದರಾಮಪ್ಪ ಜ್ಯಾಕು ಏರಿಸಿ, ಒಂದು ಚಕ್ರ ಬಿಚ್ಚಿ ಅದರ ಮೇಲೇ ಕೂತಿದ್ದ.

"ನಾಳೆ ನಿಮ್ಮ ಶೂಟಿಂಗ್ ಐತಿ, ಗೊತ್ತೈತಿ ನನಗ," ಎಂದ ಅವನು. "ಮೊದಲ ಅಪ್ಪಿಯವ್ವಗ ಏನ್ ಬೇಕೋ ಅದನ್ನ ಕೊಡ್ರಿ."

ಅಪ್ಪಿ ಒಳಗಿನಿಂದ ಖಾಲಿ ಕಾಗದ, ಪೆನ್ನು ತಂದು ಜೀಪಿನ ಬಾನೆಟ್ಟಿನ ಮೇಲಿಟ್ಟು, ನಡೆದದ್ದನ್ನು ಬರೆ ಎಂದಳು. ದೂಜ ಗೋಗರೆದ. ಊರಿನಲ್ಲಿ ತಲೆಯೆತ್ತಿ ನಡೆಯುವುದು ಹೇಗೆ ಎಂದ, ಮಗಳ ಮದುವೆಯ ಮಾತು ನಡೆದಿದೆ ಎಂದ. ಅಪ್ಪಿ ಮದುವೆ ಎಲ್ಲಿ ಎಂದು ವಿಚಾರಿಸಿದಳು. ಊರಿನಲ್ಲೇ ಎಂದಾಗ, ಒಳ್ಳೆಯದಾಯಿತು, ಅತ್ತೆಯೂ ಬರುತ್ತಾರೆ ಎಂದಳು. ಕೊನೆಗೆ ಅವನು ಬರೆದ. ಟಯರು ಬದಲಿಸಿದ್ದು ತಾನು, ಭಾರ ಹೇರಿ ನೋಡದೆ ಕಳಿಸಿದ್ದು ತಾನು, ಐತಣ್ಣ ಒಂದು ಹನಿಯನ್ನೂ ಮುಟ್ಟಿರಲಿಲ್ಲ. ಕೆಳಗೆ ಹೆಸರು.

ಆಮೇಲೆ ಸಿದ್ದರಾಮಪ್ಪ ಕೆಲಸ ಸರಿಯಾಗಿ ಮಾಡಿದ. ಸ್ಪ್ರಿಂಗ್ ಪಟ್ಟಿಗೂ ಚಕ್ರದ ಅಚ್ಚಿಗೂ ನಡುವೆ ಕಬ್ಬಿಣದ ದಿಮ್ಮಿ ಕೊಟ್ಟು ಗಾಡಿ ಎತ್ತಿದ, ಎಷ್ಟು ಕುಕ್ಕಿದರೂ ಟಯರು ತಗಡು ಮುಟ್ಟದಂತೆ ರಬ್ಬರಿನ ತಡೆ ಕೂರಿಸಿದ, ಹೀರೋಯಿನ್‌ಗಾಗಿ ಮಡಚುವ ಮೆಟ್ಟಿಲು ಬೆಸೆದ. ಜನ ಮತ್ತೆ ಹತ್ತಿದರು. ಈ ಸಲ ಹಿಟ್ಟು ಮೆತ್ತಿದಂತೆಯೇ ಇತ್ತು.

ಹೊರಡುವಾಗ ದೂಜ ತಲೆ ತಗ್ಗಿಸಿ, "ಇನ್ನಾದ್ರೂ ಕ್ಷಮಿಸಿ ಅತ್ತಿಗೆ," ಎಂದ.

"ಇಲ್ಲ," ಎಂದಳು ಅಪ್ಪಿ. "ನಿಧಾನ ಓಡಿಸು. ಮದುವೆಗೆ ನೀನು ಜೀವಂತ ಇರಬೇಕು. ಅತ್ತೆ ಎಲ್ಲರೆದುರು ಕೇಳುತ್ತಾರೆ, ಆಗ ಬಾಯಲ್ಲೂ ಹೇಳು."

ಅವನ ಬರಹದ ಮೇಲೆ ಖಾಲಿ ಬಿಟ್ಟಿದ್ದ ಜಾಗದಲ್ಲಿ ಅವಳು ಬರೆದಳು: ಅತ್ತೆಯವರಿಗೆ, ನೀವು ಕೇಳಿದ್ದಕ್ಕೆ ಉತ್ತರ. ಅಲ್ಲ. ಕೆಳಗಿನದು ದೂಜನೇ ಬರೆದದ್ದು, ನಾಲ್ಕು ಮಂದಿ ಕೂತಿರುವಾಗ ಓದಿಸಿ ಕೇಳಿ. ಲಕೋಟೆ ಅಂಟಿಸಿ, ಕೈಯನ್ನೂ ತೊಳೆಯದೆ ಸ್ಟೇಷನ್ನಿನ ಹತ್ತಿರದ ಕೆಂಪು ಡಬ್ಬಿಯವರೆಗೆ ನಡೆದಳು. ಏಳು ವರ್ಷ ತಡವಾದ ಕಾಗದ ಒಳಗೆ ಬಿದ್ದ ಸದ್ದು ಕೇಳುವ ತನಕ ಡಬ್ಬಿಯ ಬಾಯಿಂದ ಬೆರಳು ತೆಗೆಯಲಿಲ್ಲ.